ಕಲ್ಲಿನ ಅಕ್ಷರದಿಂದ ಅರಿವು ಕೇಂದ್ರದವರೆಗೆ: ಅಜ್ಜಂಪುರ ಸೀಮೆ ಮತ್ತು ಹಳ್ಳಿ ಗ್ರಂಥಾಲಯದ ಇತಿಹಾಸ

ಅಜ್ಜಂಪುರವು ಚಿಕ್ಕಮಗಳೂರು ಜಿಲ್ಲೆಯ ಒಂದು ಊರು. ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದು, ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಅಮೃತಮಹಲ್ ರಾಸುಗಳ ತಳಿ ಸಂವರ್ಧನ ಕೇಂದ್ರದಿಂದಾಗಿ ಈ ಊರಿನ ಹೆಸರು ನಾಡಿಗೆಲ್ಲ ಪರಿಚಿತ. ಪಶ್ಚಿಮಕ್ಕೆ ತರೀಕೆರೆ, ದಕ್ಷಿಣಕ್ಕೆ ಬೀರೂರು, ಕಡೂರು. ಇಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಪಂಚಾಯತಿ ಕಚೇರಿ, ಶಾಲೆ, ಹಾಲಿನ ಡೇರಿಗಳ ಹಾಗೆ ಕಾಣಸಿಗುವ ಇನ್ನೊಂದು ಸಂಸ್ಥೆ ಸಾರ್ವಜನಿಕ ಗ್ರಂಥಾಲಯ. ಅನೇಕ ಕಡೆ ಅದು ಒಂದೇ ಕೋಣೆ. ಎರಡು ಮೇಜು, ಕೆಲವು ಕಬ್ಬಿಣದ ಬೀರು, ದಿನಪತ್ರಿಕೆ. ನೋಡಲು ಚಿಕ್ಕದಾದರೂ ಅದರ ಹಿಂದಿನ ಇತಿಹಾಸ ದೊಡ್ಡದು.

ಹಳ್ಳಿಯ ಗ್ರಂಥಾಲಯದ ಚರಿತ್ರೆಯನ್ನು ಕಟ್ಟಡದ ವಯಸ್ಸಿನಿಂದ ಅಳೆಯಲಾಗದು. ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಅದು ತಿಳಿಯುತ್ತದೆ. ಓದುವ ಅವಕಾಶ ಯಾರಿಗಿತ್ತು? ಅದರ ಖರ್ಚನ್ನು ಯಾರು ಹೊತ್ತರು? ನೋಡಿಕೊಳ್ಳುವ ಹೊಣೆ ಯಾರದಾಗಿತ್ತು? ಒಂದೊಂದು ಕಾಲ ಈ ಪ್ರಶ್ನೆಗಳಿಗೆ ಒಂದೊಂದು ಉತ್ತರ ಕೊಟ್ಟಿದೆ.

ಕಲ್ಲಿನ ಮೇಲಿನ ಓದು

ಈ ಸೀಮೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟ ಮೊದಲ ಬರಹಗಳು ಶಾಸನಗಳು. ಕ್ರಿ.ಶ. 971ರ ಕಡೂರಿನ ಶಾಸನ ಗಂಗ ಅರಸ ಬೂತುಗನ ಅಕ್ಕ ಪಾಂಬಬ್ಬೆಯನ್ನು ಕುರಿತದ್ದು. ರಾಜಮನೆತನದ ಆ ಹೆಣ್ಣುಮಗಳು ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸಿನಲ್ಲಿದ್ದು ದೇಹತ್ಯಾಗ ಮಾಡಿದಳೆಂದು ಅದು ತಿಳಿಸುತ್ತದೆ. ತರೀಕೆರೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನದ ಪದ್ಯಗಳನ್ನು ರಚಿಸಿದವನು ಜನ್ನ. ಮುಂದೆ 1209ರಲ್ಲಿ 'ಯಶೋಧರ ಚರಿತೆ'ಯನ್ನೂ 1230ರಲ್ಲಿ 'ಅನಂತನಾಥ ಪುರಾಣ'ವನ್ನೂ ಬರೆದ ಜೈನ ಕವಿ ಈತನೇ. ಶಿವಾಲಯದ ಶಾಸನಕ್ಕೆ ಜೈನ ಕವಿ ಪದ್ಯ ಕಟ್ಟಿದ್ದು ಅಂದಿನ ಸಾಹಿತ್ಯಲೋಕದ ರೀತಿಯನ್ನು ತೋರಿಸುತ್ತದೆ.

ಶಾಸನವನ್ನು ಯಾರು ಬೇಕಾದರೂ ನೋಡಬಹುದಿತ್ತು, ಆದರೆ ಓದಬಲ್ಲವರು ಕೆಲವರೇ. ಗ್ರಂಥಗಳ ವಿಷಯದಲ್ಲಿ ನಿರ್ಬಂಧ ಇನ್ನೂ ಹೆಚ್ಚು. ತಾಳೆಗರಿಯ ಪ್ರತಿಯನ್ನು ಲಿಪಿಕಾರ ಕೈಯಿಂದಲೇ ಮಾಡಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಗ್ರಂಥಗಳು ಬಸದಿ, ಮಠ, ಅಗ್ರಹಾರ ಮತ್ತು ಕೆಲವು ಮನೆತನಗಳ ಪೆಟ್ಟಿಗೆಗಳಲ್ಲಿ ಉಳಿದವು.

ಶಾಸ್ತ್ರದಾನ: ಹಂಚುವ ಪರಂಪರೆ

ಈ ಕೊರತೆಯನ್ನು ನೀಗಿಸಲು ಜೈನ ಸಮಾಜದಲ್ಲಿ ಬೆಳೆದ ವ್ಯವಸ್ಥೆ ಶಾಸ್ತ್ರದಾನ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಗ್ರಂಥದ ಪ್ರತಿ ಮಾಡಿಸಿ ಕೊಡುವುದೂ ಸೇರಿದೆ. ಹಸಿದವನಿಗೆ ಅನ್ನ ಕೊಡುವುದಕ್ಕೂ ಓದಲು ಪುಸ್ತಕ ಕೊಡುವುದಕ್ಕೂ ಒಂದೇ ಸಾಲಿನಲ್ಲಿ ಸ್ಥಾನ ಸಿಕ್ಕಿದೆ. ಲಕ್ಕುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನು 993ರಲ್ಲಿ 'ಅಜಿತ ಪುರಾಣ'ವನ್ನು ರಚಿಸಿದ್ದೂ ಆಕೆಯ ಆಶ್ರಯದಲ್ಲಿಯೇ. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಒಂದು ಕೃತಿಯ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರ ದುಡಿಮೆ, ಎಷ್ಟು ವೆಚ್ಚ ಎಂಬುದನ್ನು ಊಹಿಸಬಹುದು.

ಕಾಪಾಡುವುದು ಮತ್ತು ತೆರೆದಿಡುವುದು ಬೇರೆ ಬೇರೆ ಕೆಲಸ. ಮೂಡುಬಿದಿರೆಯ ಧವಲಾ ಗ್ರಂಥಗಳ ಕಥೆ ಇದಕ್ಕೆ ಉತ್ತಮ ಉದಾಹರಣೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಹಳಗನ್ನಡ ಲಿಪಿಯ ತಾಳೆಗರಿ ಪ್ರತಿಗಳು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಆದರೆ ಭಕ್ತರಿಗೆ ಅವುಗಳ ದರ್ಶನ ಸಿಗುತ್ತಿತ್ತೇ ಹೊರತು ಅಧ್ಯಯನಕ್ಕೆ ಅವು ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು. 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗಿ, ಮುಂದೆ ಒಟ್ಟು 16 ಸಂಪುಟಗಳು ಹೊರಬಂದವು. ಕಾಪಾಡಿದವರಿಲ್ಲದಿದ್ದರೆ ಗ್ರಂಥವೇ ಉಳಿಯುತ್ತಿರಲಿಲ್ಲ. ತೆರೆದವರಿಲ್ಲದಿದ್ದರೆ ಓದುಗನಿಗೆ ಅದು ತಲುಪುತ್ತಿರಲಿಲ್ಲ. ಗ್ರಂಥಾಲಯ ಈ ಎರಡೂ ಕೆಲಸವನ್ನು ಒಟ್ಟಿಗೆ ಮಾಡಬೇಕಾದ ಸಂಸ್ಥೆ.

ಮೈಸೂರು ಸಂಸ್ಥಾನದ ಕಾಲ

ಅಜ್ಜಂಪುರ ಸೀಮೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಈ ಜಿಲ್ಲೆಗೆ ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರು ಬಂದದ್ದು 1947ರಲ್ಲಿ. ಬಿ. ಎಲ್. ರೈಸ್ ಅವರು 1901ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯ ಸಂಪುಟವಾಗಿ ಕಡೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಹೊಲದ ಬದು, ಕೆರೆ ಏರಿ, ಗುಡಿಯ ಅಂಗಳಗಳಲ್ಲಿದ್ದ ಬರಹಗಳು ಹೀಗೆ ಪುಸ್ತಕವಾದವು. ಆದರೆ ಆ ಪುಸ್ತಕ ನಗರದ ವಿದ್ವಾಂಸರ ಕೈಗೆ ಸಿಕ್ಕಿತು; ಶಾಸನವಿದ್ದ ಹಳ್ಳಿಗಳಿಗೆ ಅದು ಬರಲಿಲ್ಲ.

ಸರ್ಕಾರವೇ ಸಾರ್ವಜನಿಕರಿಗಾಗಿ ಗ್ರಂಥಾಲಯ ನಡೆಸಬೇಕೆಂಬ ವಿಚಾರ ಆಗ ಹೊಸದು. ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ಗ್ರಂಥಪಾಲಕ ವಿಲಿಯಂ ಬೋರ್ಡನ್ ಅವರನ್ನು ಕರೆಸಿ, ತಮ್ಮ ಸಂಸ್ಥಾನದ ಹಳ್ಳಿಗಳಿಗೂ ಪುಸ್ತಕ ಮುಟ್ಟುವ ವ್ಯವಸ್ಥೆ ಕಟ್ಟಿಸಿದರು. ಮೈಸೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1914-15ರ ಸುಮಾರಿಗೆ ಬೆಂಗಳೂರು ಮತ್ತು ಮೈಸೂರು ನಗರಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಆರಂಭವಾದವು. ಬೆಂಗಳೂರಿನ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯ ಆ ಕಾಲದ್ದು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ಸ್ಥಾಪನೆಯಾಯಿತು.

ಹಳ್ಳಿಗಳ ಕಡೆಗೆ ಪುಸ್ತಕ ಬಂದದ್ದು ಬೇರೆ ದಾರಿಗಳಲ್ಲಿ. ಉತ್ತರ ಕರ್ನಾಟಕದಲ್ಲಿ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದು ಪ್ರಸಿದ್ಧ. ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಗಳ ಮೂಲಕ ಊರುಗಳಿಗೆ ವಿದ್ವಾಂಸರನ್ನು ಕಳುಹಿಸಿ, ಆ ಉಪನ್ಯಾಸಗಳನ್ನು ಕಡಿಮೆ ಬೆಲೆಯ ಚಿಕ್ಕ ಪುಸ್ತಕಗಳಾಗಿ ಅಚ್ಚು ಹಾಕಿಸಿತು. 1940ರ ದಶಕದಲ್ಲಿ ಬೆಳೆದ ವಯಸ್ಕರ ಶಿಕ್ಷಣದ ಚಳವಳಿ ರಾತ್ರಿ ಶಾಲೆಗಳ ಜೊತೆಗೆ ಗ್ರಾಮೀಣ ವಾಚನಾಲಯಗಳನ್ನೂ ತೆರೆಯಿತು. ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಅಕ್ಷರ ಕಲಿತವರಿಗಾಗಿಯೇ 'ಬೆಳಕು' ಪತ್ರಿಕೆಯನ್ನು ನಡೆಸಿತು. ಓದು ಕಲಿತವನಿಗೆ ಓದಲು ಏನೂ ಸಿಗದಿದ್ದರೆ ಕೆಲವೇ ವರ್ಷಗಳಲ್ಲಿ ಕಲಿತದ್ದು ಮರೆತುಹೋಗುತ್ತದೆ ಎಂಬ ಅನುಭವವೇ ಆ ವಾಚನಾಲಯಗಳಿಗೆ ಕಾರಣ.

ಇವೆಲ್ಲ ಒಳ್ಳೆಯ ಪ್ರಯತ್ನಗಳಾದರೂ ವ್ಯಕ್ತಿಗಳ ಉತ್ಸಾಹವನ್ನೇ ನಂಬಿದ್ದವು. ಶಾಲೆಯ ಮೇಷ್ಟರಿಗೆ ವರ್ಗವಾದರೆ ಅಥವಾ ಊರಿನ ಯುವಕರ ಸಂಘ ಒಡೆದರೆ ಪುಸ್ತಕದ ಪೆಟ್ಟಿಗೆಗೆ ಬೀಗ ಬೀಳುತ್ತಿತ್ತು. ಖರ್ಚಿಗೆ ಕಾಯಂ ಮೂಲವಿರಲಿಲ್ಲ.

ರಂಗನಾಥನ್ ಮತ್ತು ಎತ್ತಿನ ಗಾಡಿ

ಕಾಯಂ ಮೂಲ ಬೇಕೆಂದು ಜೀವನವಿಡೀ ವಾದಿಸಿದವರು ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಡಾ. ಎಸ್. ಆರ್. ರಂಗನಾಥನ್. 1892ರ ಆಗಸ್ಟ್ 12ರಂದು ತಮಿಳುನಾಡಿನ ಶಿಯಾಳಿಯಲ್ಲಿ ಜನಿಸಿದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕಗಳು ಬಳಕೆಗಾಗಿ ಇರುವಂಥವು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದುಗನ ಸಮಯ ಉಳಿಯಬೇಕು. ಗ್ರಂಥಾಲಯವು ಬೆಳೆಯುತ್ತಿರುವ ಜೀವಿ. ಆ ಸೂತ್ರಗಳ ಸಾರ ಇದು.

ಅದೇ 1931ರ ಅಕ್ಟೋಬರಿನಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿ ಬಳಿ, ನಿವೃತ್ತ ಎಂಜಿನಿಯರ್ ಎಸ್. ವಿ. ಕನಕಸಭೈ ಪಿಳ್ಳೆ ಅವರು ರೂಪಿಸಿದ ಎತ್ತಿನ ಗಾಡಿಯ ಸಂಚಾರಿ ಗ್ರಂಥಾಲಯ ಹೊರಟಿತು. ಗಾಡಿ ಹಳ್ಳಿಯಿಂದ ಹಳ್ಳಿಗೆ ಹೋಗಿ ಪುಸ್ತಕ ಕೊಟ್ಟು, ಮುಂದಿನ ಸುತ್ತಿನಲ್ಲಿ ಹಿಂದಕ್ಕೆ ಪಡೆಯುತ್ತಿತ್ತು. ಹಳ್ಳಿಯವನು ಓದುವುದಿಲ್ಲ ಎಂಬ ಮಾತಿಗೆ ಅದು ಸರಿಯಾದ ಉತ್ತರವಾಗಿತ್ತು.

ಸ್ವಾತಂತ್ರ್ಯಾನಂತರ, 1948ರಲ್ಲಿ ಮದರಾಸು ಪ್ರಾಂತ್ಯ ದೇಶದಲ್ಲಿಯೇ ಮೊದಲಿಗೆ ಇಂಥ ಸಮಗ್ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ತಂದಿತು. ರಂಗನಾಥನ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ನಿಧನರಾದರು. ಅವರ ಜನ್ಮದಿನವನ್ನು ಇಂದು ಗ್ರಂಥಪಾಲಕರ ದಿನವಾಗಿ ಆಚರಿಸಲಾಗುತ್ತದೆ.

1965ರ ಕಾಯ್ದೆ: ಓದು ಹಕ್ಕಾದ ಬಗೆ

ರಂಗನಾಥನ್ ಅವರ ಚಿಂತನೆಯ ಪ್ರಭಾವದಲ್ಲಿ ರೂಪುಗೊಂಡದ್ದು 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ಅದು ಜಾರಿಗೆ ಬಂದದ್ದು 1966ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಇಂದು ಅದನ್ನು ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಎನ್ನುತ್ತೇವೆ. ಇದರಿಂದ ಮೂರು ಮುಖ್ಯ ಬದಲಾವಣೆಗಳಾದವು.

ಮೊದಲನೆಯದು ಆಡಳಿತ. ರಾಜ್ಯಮಟ್ಟದಲ್ಲಿ ಗ್ರಂಥಾಲಯ ಪ್ರಾಧಿಕಾರ, ಸಾರ್ವಜನಿಕ ಗ್ರಂಥಾಲಯ ಇಲಾಖೆ, ರಾಜ್ಯ ಕೇಂದ್ರ ಗ್ರಂಥಾಲಯ. ಅವುಗಳ ಕೆಳಗೆ ನಗರ ಮತ್ತು ಜಿಲ್ಲಾ ಪ್ರಾಧಿಕಾರಗಳು, ಶಾಖೆಗಳು. ಎರಡನೆಯದು ಸಿಬ್ಬಂದಿ. ಗ್ರಂಥಪಾಲಕ ವೃತ್ತಿಗೆ ಸರ್ಕಾರಿ ಸೇವೆಯ ಮಾನ್ಯತೆ ಬಂತು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹಣ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಿಧಿಸಲಾಯಿತು. ಆರಂಭದಲ್ಲಿ ರೂಪಾಯಿಗೆ ಮೂರು ಪೈಸೆ ಇದ್ದುದು ಮುಂದೆ ಶೇ. 6 ಆಯಿತು. ಜಿಲ್ಲಾ ಪ್ರಾಧಿಕಾರಗಳಿಗೆ ಭೂಕಂದಾಯದ ಶೇ. 3ರಷ್ಟನ್ನು ಸರ್ಕಾರ ಕೊಡಬೇಕೆಂದೂ ಕಾಯ್ದೆ ಹೇಳಿತು.

ಮನೆ ಕಂದಾಯದ ರಸೀದಿಯನ್ನು ಒಮ್ಮೆ ಗಮನವಿಟ್ಟು ನೋಡಿ. ತೆರಿಗೆಯ ಕೆಳಗೆ ಆರೋಗ್ಯ, ಶಿಕ್ಷಣ, ಭಿಕ್ಷುಕರ ಕರಗಳ ಜೊತೆಗೆ ಗ್ರಂಥಾಲಯ ಕರವೂ ಇರುತ್ತದೆ. ಸಾವಿರ ರೂಪಾಯಿ ತೆರಿಗೆ ಕಟ್ಟುವವರು ಗ್ರಂಥಾಲಯಕ್ಕೆಂದು 60 ರೂಪಾಯಿ ಕಟ್ಟುತ್ತಾರೆ. ಒಂದು ಪಂಚಾಯತಿಯಲ್ಲಿ ಸಾವಿರ ಮನೆಗಳಿದ್ದು ಪ್ರತಿ ಮನೆಯಿಂದ 600 ರೂಪಾಯಿ ತೆರಿಗೆ ಬಂದರೆ, ಗ್ರಂಥಾಲಯದ ಪಾಲು ವರ್ಷಕ್ಕೆ 36,000 ರೂಪಾಯಿ. ಇದು ಲೆಕ್ಕ ತಿಳಿಯಲು ಕೊಟ್ಟ ಉದಾಹರಣೆ ಮಾತ್ರ. ಗ್ರಂಥಾಲಯದ ಬಾಗಿಲನ್ನೇ ತುಳಿಯದವರೂ ಅದಕ್ಕೆ ಹಣ ಕೊಟ್ಟಿದ್ದಾರೆ, ಹಾಗಾಗಿ ಅದು ಯಾರ ಉಪಕಾರವೂ ಅಲ್ಲ ಎಂಬುದು ಇದರಿಂದ ಸ್ಪಷ್ಟ. ದಾನದಿಂದ ನಡೆಯುತ್ತಿದ್ದ ಓದು ಈ ಕಾಯ್ದೆಯಿಂದ ಹಕ್ಕಾಯಿತು.

ಮಂಡಲದಿಂದ ಗ್ರಾಮ ಪಂಚಾಯತಿಗೆ

ಕಾಯ್ದೆ ಬಂದ ಮಾತ್ರಕ್ಕೆ ಹಳ್ಳಿಗೆ ಗ್ರಂಥಾಲಯ ಬಂದುಬಿಡಲಿಲ್ಲ. ಮೊದಲ ಎರಡು ದಶಕಗಳಲ್ಲಿ ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರ ಮತ್ತು ದೊಡ್ಡ ಊರುಗಳ ಶಾಖೆಗಳಿಗೇ ಹೆಚ್ಚು ಗಮನ ದೊರೆಯಿತು. 1983ರ ಪಂಚಾಯತಿ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯತಿಗಳು ಅಸ್ತಿತ್ವಕ್ಕೆ ಬಂದ ನಂತರ ಮಂಡಲ ಗ್ರಂಥಾಲಯಗಳು ಆರಂಭವಾದವು. 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಮಂಡಲಗಳ ಜಾಗದಲ್ಲಿ ಗ್ರಾಮ ಪಂಚಾಯತಿಗಳು ಬಂದಾಗ ಅವು ಗ್ರಾಮ ಪಂಚಾಯತಿ ಗ್ರಂಥಾಲಯಗಳಾದವು. ಸಂವಿಧಾನದ 73ನೆಯ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಗ್ರಂಥಾಲಯವೂ ಅವುಗಳಲ್ಲೊಂದು.

ಈ ಗ್ರಂಥಾಲಯಗಳನ್ನು ನಡೆಸಿದವರು ಗ್ರಂಥಾಲಯ ಮೇಲ್ವಿಚಾರಕರು. ಬಹುಪಾಲು ಆಯಾ ಊರಿನವರೇ ಆದ ಇವರು ದೀರ್ಘಕಾಲ ಅಲ್ಪ ಗೌರವಧನದ ಮೇಲೆ, ದಿನಕ್ಕೆ ಕೆಲವು ಗಂಟೆಗಳ ಕೆಲಸವೆಂಬ ಲೆಕ್ಕದಲ್ಲಿ ದುಡಿದರು. ಬಾಗಿಲು ತೆರೆಯುವುದು, ಕಸ ಗುಡಿಸುವುದು, ಪತ್ರಿಕೆ ಜೋಡಿಸುವುದು, ಎರವಲು ವಹಿ ಬರೆಯುವುದು, ಹರಿದ ಪುಸ್ತಕಕ್ಕೆ ಹೊದಿಕೆ ಹಾಕುವುದು ಎಲ್ಲವೂ ಒಬ್ಬರದೇ ಕೆಲಸ. ಪುಸ್ತಕಗಳು ಮಾತ್ರ ಇಲಾಖೆಯ ಸಗಟು ಖರೀದಿಯಿಂದಲೂ, 1972ರಲ್ಲಿ ಸ್ಥಾಪನೆಯಾದ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿನಿಂದಲೂ ಬರುತ್ತಿದ್ದವು. ಸಗಟು ಖರೀದಿ ಕನ್ನಡ ಪ್ರಕಾಶನಕ್ಕೆ ಆಸರೆಯಾದದ್ದು ನಿಜ. ಆದರೆ ಯಾವ ಊರಿಗೆ ಯಾವ ಪುಸ್ತಕ ಬೇಕೆಂಬುದನ್ನು ಆ ಊರಿನ ಓದುಗ ಹೇಳುವ ದಾರಿ ಕಿರಿದಾಗಿತ್ತು.

2019ರ ನಂತರ

2019ರಲ್ಲಿ ರಾಜ್ಯದ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಆಗ ಅವುಗಳ ಸಂಖ್ಯೆ ಐದು ಸಾವಿರಕ್ಕೂ ಹೆಚ್ಚು. ಮರುವರ್ಷವೇ ಕೋವಿಡ್ ಬಂದು ಶಾಲೆಗಳು ಮುಚ್ಚಿದವು. ಮೊಬೈಲ್ ಇಲ್ಲದ ಮನೆಯ ಮಕ್ಕಳಿಗೆ ಓದಿನ ಸಂಪರ್ಕವೇ ತಪ್ಪಿಹೋಗುವ ಅಪಾಯವಿತ್ತು. ಆ ಸಂದರ್ಭದಲ್ಲಿ, 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ಲಕ್ಷಾಂತರ ಮಕ್ಕಳು ಸದಸ್ಯರಾದರು. ಮುಂದೆ ಈ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂಬ ಹೆಸರು ಬಂತು. ಅನೇಕ ಕಡೆ ಹೊಸ ಬಣ್ಣ, ಮಕ್ಕಳ ಮೂಲೆ, ಕಂಪ್ಯೂಟರು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಸೇರಿದವು.

ಇದೇ ಅವಧಿಯಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯವನ್ನೂ ಆರಂಭಿಸಿತು. ಮೊಬೈಲಿನಲ್ಲಿ ಪುಸ್ತಕ ಸಿಗುವಾಗ ಹಳ್ಳಿಯಲ್ಲಿ ಕೋಣೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಬೇಸಿಗೆ ರಜೆಯಲ್ಲಿ ಕೂತು ಓದಲು ಮಕ್ಕಳಿಗೆ ಜಾಗ ಬೇಕು. ಮನೆಯಲ್ಲಿ ಒಂದೇ ಕೋಣೆ ಇರುವ ಹುಡುಗಿಗೆ ಪರೀಕ್ಷೆಗೆ ಓದಲು ಮೇಜು ಬೇಕು. ಪತ್ರಿಕೆ ತರಿಸಲಾಗದ ಹಿರಿಯರಿಗೆ ನಾಲ್ಕು ಪತ್ರಿಕೆ ಬೇಕು. ಇವಾವುದನ್ನೂ ಮೊಬೈಲ್ ಕೊಡುವುದಿಲ್ಲ.

ಇಂದು ಉಳಿದಿರುವ ಪ್ರಶ್ನೆ

ಮೊದಲು ಕೇಳಿದ ಮೂರು ಪ್ರಶ್ನೆಗಳಿಗೆ ಈಗ ಕಾಗದದ ಮೇಲೆ ಉತ್ತರವಿದೆ. ಓದುವ ಅವಕಾಶ ಎಲ್ಲರಿಗೆ, ಖರ್ಚು ಕರದಿಂದ, ಹೊಣೆ ಪಂಚಾಯತಿಯದು. ನಡೆಯಬೇಕಾದದ್ದು ಆಚರಣೆ. ಸ್ಥಳೀಯ ಸಂಸ್ಥೆಗಳು ವಸೂಲಾದ ಗ್ರಂಥಾಲಯ ಕರವನ್ನು ಸಕಾಲಕ್ಕೆ ಗ್ರಂಥಾಲಯಕ್ಕೆ ಸಲ್ಲಿಸದೆ ಬಾಕಿ ಉಳಿಸಿಕೊಳ್ಳುವುದು ರಾಜ್ಯದಲ್ಲಿ ಹಳೆಯ ಸಮಸ್ಯೆ. ಕರ ಕಟ್ಟಿದವರು ಕೇಳದಿದ್ದರೆ ಆ ಹಣ ಪುಸ್ತಕವಾಗುವುದಿಲ್ಲ. ಊರಿನ ಓದುಗರು ಮಾಡಬಹುದಾದ ಕೆಲವು ಕೆಲಸಗಳು ಹೀಗಿವೆ:

1. ಗ್ರಾಮಸಭೆಯಲ್ಲಿ ಕಳೆದ ವರ್ಷ ವಸೂಲಾದ ಗ್ರಂಥಾಲಯ ಕರವೆಷ್ಟು, ಅದರಲ್ಲಿ ಪುಸ್ತಕಕ್ಕೆ ಖರ್ಚಾದದ್ದೆಷ್ಟು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸುವುದು. ಅಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಸಲ್ಲಿಸುವುದು.

2. ಊರು ಗ್ರಾಮ ಪಂಚಾಯತಿಯಿಂದ ಪಟ್ಟಣ ಪಂಚಾಯತಿಯಾಗುವಾಗ ಗ್ರಂಥಾಲಯ ಯಾವ ಇಲಾಖೆಯ ಕೆಳಗೆ ಬರುತ್ತದೆ, ಪುಸ್ತಕಗಳ ದಾಸ್ತಾನು ವಹಿ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಹಸ್ತಾಂತರದ ಹೊತ್ತಿನಲ್ಲಿಯೇ ಹಳೆಯ ಪುಸ್ತಕಗಳು ಕಳೆದುಹೋಗುತ್ತವೆ.

3. ಊರಿಗೆ ಸಂಬಂಧಿಸಿದ ಒಂದು ಪ್ರತ್ಯೇಕ ಬೀರು ಮಾಡಿಸುವುದು. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಕಡೂರು ಜಿಲ್ಲೆಯ ಸಂಪುಟ, ಜಿಲ್ಲಾ ಗ್ಯಾಸೆಟಿಯರ್, ಜನ್ನನ ಕೃತಿಗಳು, ಸ್ಥಳೀಯ ಲೇಖಕರ ಪುಸ್ತಕಗಳು, ಶಾಲೆಯ ಮತ್ತು ಜಾತ್ರೆಯ ಸ್ಮರಣ ಸಂಚಿಕೆಗಳು ಅಲ್ಲಿರಲಿ. ಪಾಂಬಬ್ಬೆಯ ಹೆಸರು ಕಡೂರು ಸೀಮೆಯ ಮಕ್ಕಳಿಗೆ ಕಡೂರು ಸೀಮೆಯಲ್ಲಿಯೇ ಓದಲು ಸಿಗಬೇಕು.

4. ಪುಸ್ತಕ ದಾನ ಮಾಡುವಾಗ ಮನೆಯಲ್ಲಿ ಬೇಡವಾದುದನ್ನು ಸಾಗಿಸದೆ, ಏನು ಬೇಕೆಂದು ಮೇಲ್ವಿಚಾರಕರನ್ನು ಕೇಳಿ ಕೊಡುವುದು. ಮಕ್ಕಳ ಪುಸ್ತಕ, ನಿಘಂಟು, ಪರೀಕ್ಷೆಯ ಕೈಪಿಡಿಗಳಿಗೆ ಬೇಡಿಕೆ ಹೆಚ್ಚು. ಕೊಟ್ಟದ್ದು ದಾಸ್ತಾನು ವಹಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳುವುದು.

5. ಮನೆ, ಬಸದಿ ಅಥವಾ ಮಠದಲ್ಲಿ ತಾಳೆಗರಿ, ಹಳೆಯ ಕಡತಗಳಿದ್ದರೆ ಅವನ್ನು ಹಳ್ಳಿಯ ಗ್ರಂಥಾಲಯದಲ್ಲಿ ಇಡದೆ, ಹಸ್ತಪ್ರತಿ ಸಂರಕ್ಷಣೆ ಬಲ್ಲ ವಿಶ್ವವಿದ್ಯಾಲಯ ಅಥವಾ ಸಂಶೋಧನ ಸಂಸ್ಥೆಯಿಂದ ಛಾಯಾಪ್ರತಿ ಮಾಡಿಸಿ, ಅದರ ಮುದ್ರಿತ ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡುವುದು.

ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿ ಆಚರಿಸಿ ಗ್ರಂಥಗಳನ್ನು ಪೂಜಿಸುವ ಸಮಾಜ ನಮ್ಮದು. ನವೆಂಬರ್ 14ರಿಂದ 20ರವರೆಗೆ ದೇಶದೆಲ್ಲೆಡೆ ಗ್ರಂಥಾಲಯ ಸಪ್ತಾಹವೂ ನಡೆಯುತ್ತದೆ. ಈ ಎರಡೂ ಸಂದರ್ಭಗಳಲ್ಲಿ ನಮ್ಮ ಊರಿನ ಗ್ರಂಥಾಲಯಕ್ಕೆ ಒಮ್ಮೆ ಹೋಗಿ, ಅದು ಎಷ್ಟು ಹೊತ್ತು ತೆರೆದಿರುತ್ತದೆ, ಈ ವರ್ಷ ಹೊಸ ಪುಸ್ತಕ ಎಷ್ಟು ಬಂದಿವೆ ಎಂದು ವಿಚಾರಿಸಿದರೆ, ಅತ್ತಿಮಬ್ಬೆ ಸಾವಿರ ಪ್ರತಿ ಬರೆಯಿಸಿ ಮಾಡಿದ ಕೆಲಸವನ್ನು ಈ ಕಾಲಕ್ಕೆ ಒಪ್ಪುವ ರೀತಿಯಲ್ಲಿ ಮುಂದುವರಿಸಿದಂತಾಗುತ್ತದೆ.